ಎರವಲು ಮೂಗು

ಮಾರ್ಚಿಯ ಜ್ವರ ಬಿಟ್ಟುಹೋಗುವಾಗ
ನೋಟ್‌ಬುರ್ಗಾಳ ಮೂಗಿನಿಂದ ವಾಸನೆಗಳನ್ನೆಲ್ಲ
ಗುಡಿಸಿಕೊಂಡು ಹೋಯಿತು.
ಕಾಫಿ ಬರೀ ಬಿಸಿ, ಸಾಬೂನು ಬರೀ ಜಾರು,
ಕೊಟ್ಟಿಗೆಯೂ ಚರ್ಚೂ ಒಂದೇ.

ಅಂದಿನಿಂದ ಅವಳ ಮೂಗು ನಾನೇ.
ಸಂಬಳ ಮಾತ್ರ ಗ್ಲಾಸು ತೊಳೆಯುವುದಕ್ಕೆ.

ಜೂನಿನ ಆ ಭಾನುವಾರ ರಾತ್ರಿ
ಬೆಟ್ಟದ ಏಣಿನುದ್ದಕ್ಕೂ ಬೆಂಕಿ ಹಚ್ಚುತ್ತಾರೆ,
ನೋಡಲು ನಮ್ಮ ಅಂಗಳಕ್ಕೆ ನಲವತ್ತು ಜನ.
"ಬೀರನ್ನು ಯಾವನಾದರೂ ಕೊಟ್ಟಾನು,
ನನ್ನಲ್ಲಿಗೆ ಬರುವುದು ಹೂವಿಗೆ" ಅಂದಳು.

ಗುರುವಾರ, ಇಬ್ಬನಿ ಆರಿದ ಮೇಲೆ,
ಬಿಸಿಲು ಬಲಿಯುವ ಮೊದಲು,
ಕತ್ತರಿ ಬುಟ್ಟಿ ಹಿಡಿದು ಹೊರಟೆ.
ಹೋಲರ್ ಗಿಡದ ಮುಂದೆ ಟೊಪ್ಪಿ ತೆಗೆಯಬೇಕಂತೆ.
ನನಗೆ ಟೊಪ್ಪಿಯಿಲ್ಲ; ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿದೆ.
ಯಾರೂ ನೋಡಲಿಲ್ಲ, ಒಂದು ಹಸುವಿನ ಹೊರತು.

ರೈಲುಹಳಿಯ ಪಕ್ಕ ತಟ್ಟೆ ತಟ್ಟೆಯಾಗಿ ಹೂ,
ಕೆನೆಬಣ್ಣ, ಮುಟ್ಟಿದರೆ ಹಳದಿ ಹಿಟ್ಟು.
ಇಪ್ಪತ್ತು ಗೊಂಚಲು ತಂದು ಮೇಜಿಗೆ ಸುರಿದೆ.
"ಹೇಳು" ಎಂದಳು, ಕಣ್ಣು ಮುಚ್ಚಿ, ಕೈಕಟ್ಟಿ.

ಹೇಳುವುದೇನು?
ಮೂಗು ಬಲ್ಲದ್ದನ್ನು ನಾಲಿಗೆ ಬಲ್ಲುದೆ?
ಸಿಹಿ, ಅಂದೆ. "ಸಕ್ಕರೆಯೂ ಸಿಹಿ."
ಜೇನಿನ ಹಾಗೆ. "ಯಾವ ಜೇನು?"
ಬೆವರಿದೆ. ಕೊನೆಗೆ ನಿಜವೇ ಬಾಯಿಗೆ ಬಂತು:
ಒಂಚೂರು, ಹಿಂದಿನಿಂದ, ಬೆಕ್ಕಿನ ಉಚ್ಚೆ.

ಮೂರು ತಿಂಗಳಲ್ಲಿ ಮೊದಲ ಸಲ ನಕ್ಕಳು,
ಹೊಟ್ಟೆ ಹಿಡಿದು, ಕುರ್ಚಿ ಕಿರುಗುಟ್ಟುವಂತೆ.
"ಹಾಗಾದರೆ ಹೂವಿಗೆ ವಯಸ್ಸಾಯಿತು. ಎಸೆ.
ಕಣಿವೆಯಲ್ಲಿ ಮುಗಿದದ್ದು ಮೇಲೆ ಈಗ ಶುರು.
ಕಸ್ಸಿಯಾನನ ಹುಲ್ಲುಗಾವಲಿಗೆ ಹತ್ತು,
ಅಲ್ಲಿ ಜೂನು ಇನ್ನೂ ಮೇ."

ಹತ್ತಿದೆ. ಸೇಬಿನ ತೋಟಗಳು ಕಾಲಡಿಗೆ ಸರಿದು
ಗೆರೆ ಎಳೆದ ಕಾಗದವಾದವು.
ಅರ್ಧ ಮೊಗ್ಗು, ಅರ್ಧ ಹೂ. ಮೂಗಿಟ್ಟೆ.
ಇಳಿಯುವ ದಾರಿಯುದ್ದಕ್ಕೂ ಮಾತು ಹುಡುಕಿದೆ.

"ಹೇಳು."
ಒಗೆದ ಬಟ್ಟೆಯನ್ನು ಬಿಸಿಲಿಂದ ಒಳತಂದು
ಮಡಿಸುವಾಗ, ಪಕ್ಕದ ಕೋಣೆಯಲ್ಲಿ ಯಾರೋ
ಪಿಯರ್ ಹಣ್ಣು ಹೆಚ್ಚುತ್ತಿದ್ದರೆ, ಹಾಗೆ.
ತುಸು ಹೊತ್ತು ಸುಮ್ಮನಿದ್ದಳು.
"ತೊಳೆಯಬೇಡ. ಹುಳ ಕೊಡವು ಸಾಕು.
ಘಮವೆಲ್ಲ ಆ ಹಳದಿ ಹಿಟ್ಟಿನಲ್ಲೇ."

ಉಗುರುಬೆಚ್ಚಗಿನ ಸಕ್ಕರೆಪಾಕಕ್ಕೆ ನಿಂಬೆಯ ಬಿಲ್ಲೆ,
ಹೂ ತಲೆಕೆಳಗು, ಮೇಲೊಂದು ತಟ್ಟೆ,
ತಟ್ಟೆಯ ಮೇಲೆ ಹೊಳೆಯಿಂದ ತಂದ ಕಲ್ಲು.
ನೆಲಮಾಳಿಗೆಯಲ್ಲಿ ಮೂರು ರಾತ್ರಿ.
ಭಾನುವಾರ ಅವಳ ಹಳೆಯ ದಿಂಬಿನ ಚೀಲದಲ್ಲಿ ಸೋಸಿದೆ.

ಸಂಜೆ. ದೊಡ್ಡ ಹೊಟ್ಟೆಯ ಗ್ಲಾಸಿಗೆ ಐಸು ಮೊದಲು.
ಪುದೀನ ಜಜ್ಜಬಾರದು; ಅಂಗೈಲಿಟ್ಟು ಒಂದೇ ಚಪ್ಪಾಳೆ,
ನಿದ್ದೆಯವನನ್ನು ಎಬ್ಬಿಸುವಷ್ಟು.
ಪಾಕ ಎರಡು ಬೆರಳು.
ಆಮೇಲೆ ಪ್ರೊಸೆಕ್ಕೊ, ಗ್ಲಾಸು ವಾಲಿಸಿ, ಗೋಡೆಗುಂಟ,
ಕೊನೆಗೆ ಸೋಡಾ, ಒಂದು ಚಿಮ್ಮು.
ಚಮಚ ಯಾಕೆ? ಗುಳ್ಳೆಗಳಿಗೆ ಬೇರೆ ಕೆಲಸವಿಲ್ಲ.

ಒಂದೊಂದನ್ನೂ ಕಿವಿಗೆ ಹಿಡಿದು ಕೇಳಿ ಕಳಿಸಿದಳು.
ಒಂದನ್ನು ಮಾತ್ರ ಪಕ್ಕಕ್ಕಿಟ್ಟಳು:
"ಇದು ಸತ್ತಿದೆ."

ಎಟ್ಶ್ ಹೊಳೆಯಾಚೆ ಮೊದಲ ಬೆಂಕಿ ಹೊತ್ತಿತು,
ಅದರಿಂದ ದೂರದಲ್ಲಿ ಇನ್ನೊಂದು,
ಆಮೇಲೆ ಎಣಿಕೆ ತಪ್ಪಿತು.
ಹೊಗೆ ಇಳಿದು ಬಂತು. ರಾಳದ್ದು, ಅನ್ನಲು ಬಾಯಿ ತೆರೆದೆ.
"ಬೇಡ. ಅದು ಕಾಣುತ್ತದೆ."

ಕಸ್ಸಿಯಾನ್ ಕುಡಿದ, ಮೀಸೆ ಒರೆಸಿದ,
ಹೋದ ವರ್ಷದ್ದೇ ರುಚಿ, ಅಂದ.
ಅವಳು ನಂಬಲಿಲ್ಲ.
ತನಗೊಂದು ಸುರಿದುಕೊಂಡು, ನೀರಿಗೆ ಬಂದ ಕುದುರೆಯಂತೆ
ಮೂಗನ್ನು ಪೂರ್ತಿ ಗ್ಲಾಸಿಗಿಳಿಸಿದಳು.
ಕಾದೆ.
ಸೀನಿದಳು. ಮತ್ತೊಮ್ಮೆ.
ಗಲ್ಲಕ್ಕೆ ಪುದೀನದ ಎಲೆ ಅಂಟಿತ್ತು.

"ವಾಸನೆ?" ಎಂದೆ.
"ಇಲ್ಲ. ಚುಚ್ಚಿತು."
ಕಣ್ಣೊರೆಸಿಕೊಂಡು ಗ್ಲಾಸು ಮುಂದೆ ಚಾಚಿದಳು,
"ಸೋಡಾ ಜಾಸ್ತಿ ಹಾಕು."