ಕಾಯುವುದು

ಗಾಡಿಕೊಪ್ಪದ ಕಂಡಕ್ಟರ್ ಹಾಲೇಶಪ್ಪನ ತಾರಸಿಗೆ
ನಾನು ಹತ್ತಿದ್ದು ಬೆಳಿಗ್ಗೆ ಏಳಕ್ಕೆ,
ಸಂಕ್ರಾಂತಿ ಕಳೆದ ವಾರ.
ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ:
'ನಾಳೆ ಮಗಳು ಆಸ್ಪತ್ರೆಯಿಂದ ಬರ್ತಾಳೆ, ಕೂಸಿದೆ.
ಸೋಲಾರ್ ನೀರು ಉಗುರುಬೆಚ್ಚಗೆ ನಿಂತುಬಿಟ್ಟಿದೆ ಮಾರಾಯ.'

ಹದಿನೈದು ಗಾಜಿನ ಕೊಳವೆ,
ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಒರಗಿವೆ,
ಶಾಲೆಗೆ ಚಕ್ಕರ್ ಹೊಡೆದ ಹುಡುಗರು
ಕಾಂಪೌಂಡಿಗೆ ಬೆನ್ನು ಕೊಟ್ಟ ಹಾಗೆ.
ಸಾಗರ ರಸ್ತೆಯ ಧೂಳು, ಪಾರಿವಾಳದ ಹಿಕ್ಕೆ,
ಯಾರದೋ ಗಾಳಿಪಟದ ಬಾಲ.
ಒರೆಸಿದೆ.
ಬಗ್ಗಿ ಒಂದೊಂದರ ತಳ ನೋಡಿದೆ.

ಆರೋಗ್ಯದ ಕೊಳವೆಯ ತಳದಲ್ಲಿ ಬೆಳ್ಳಿ ಇರುತ್ತದೆ,
ಮುಖ ಕಾಣುವಷ್ಟು.
ಒಳಕ್ಕೆ ಗಾಳಿ ಹೊಕ್ಕಿತೋ, ಬೆಳ್ಳಿ ಹೋಗಿ ಹಾಲಿನ ಬಿಳುಪು.
ಬೇರೆ ಗಾಯ ಕಾಣುವುದಿಲ್ಲ.
ಏಳು, ಎಂಟು, ಹನ್ನೆರಡು:
ಮೂರೂ ಬೆಳ್ಳಗೆ.
ಹಗಲೆಲ್ಲ ದುಡಿದ ಬಿಸಿ
ರಾತ್ರಿ ಇಲ್ಲಿಂದಲೇ ಸೋರಿಹೋಗಿದೆ, ಒಂದು ಹನಿಯೂ ಚೆಲ್ಲದೆ.

ಅಷ್ಟರಲ್ಲಿ ಮೆಟ್ಟಿಲೇರಿ ಬಂದಳು ದ್ಯಾವಮ್ಮ,
ಸೀಗೆಹಟ್ಟಿಯವಳು, ಬಾಣಂತಿಗೆ ನೀರು ಹಾಕುವವಳು.
ಒಂದು ದಿನ ಮುಂಚೆಯೇ ಬಚ್ಚಲು ನೋಡಲು ಬಂದಿದ್ದಾಳೆ.
ಚಾಚಿದ ಅವಳ ಕಾಲ ಮೇಲೆ
ನಮ್ಮ ಪೇಟೆಯ ಎಷ್ಟೋ ಬೆನ್ನು ನೆಟ್ಟಗಾಗಿವೆ;
ನನ್ನದೂ ಒಂದು, ಅನ್ನುತ್ತಾಳೆ ಅಮ್ಮ.
ಸೊಂಟಕ್ಕೆ ಕೈಯಿಟ್ಟು ಸುತ್ತ ನೋಡಿದಳು.
'ಒಲೆ ಇಲ್ಲ, ಸರಿ. ನೀರು ಎತ್ತೋ ಪಂಪಾದರೂ ಎಲ್ಲಿ?'

'ಪಂಪು ಬೇಡ. ಕಾದ ನೀರು ಹಗುರ,
ಕೊಳವೆಯ ಮೇಲುಬದಿ ಹಿಡಿದು ಟ್ಯಾಂಕಿಗೆ ಏರುತ್ತೆ.
ತಣ್ಣಗಿದ್ದದ್ದು ಭಾರ,
ಕೆಳಬದಿಯಲ್ಲಿ ಜಾರಿ ಬಂದು ಅದರ ಜಾಗ ಹಿಡಿಯುತ್ತೆ.
ಬಾಗಿಲು ಒಂದೇ, ನೂಕುನುಗ್ಗಲಿಲ್ಲ.'

'ಹಾಲೇಶಪ್ಪನ ಬಸ್ಸಿಗೆ ಬಂದು ಕಲಿಸು ಇದನ್ನ' ಅಂದಳು.

ಟ್ಯಾಂಕು ಖಾಲಿ ಮಾಡಿದೆ. ಹೊಸ ಕೊಳವೆ ಕೈಗೆ ಕೊಟ್ಟೆ.
ತಿರುಗಿಸಿ ತಿರುಗಿಸಿ ನೋಡಿದಳು, ಕೂಸು ಹಿಡಿದ ಕೈಯಲ್ಲೇ.
'ಗಾಜಿನೊಳಗೆ ಗಾಜು. ನಡುವೆ ಏನು?'
'ಏನೂ ಇಲ್ಲ.'
'ಅಂದ್ರೆ ಗಾಳಿ.'
'ಗಾಳಿಯೂ ಇಲ್ಲ. ತೆಗೆದುಬಿಟ್ಟಿರ್ತಾರೆ.
ಒಳಗಿನ ಕರಿ ಬಣ್ಣ ಬಿಸಿಲು ಕುಡಿಯುತ್ತೆ,
ಬಿಸಿ ಆಚೆ ಹೋಗದ ಹಾಗೆ
ಆ ಏನೂ ಇಲ್ಲದ್ದೇ ಕಾಯುತ್ತೆ.'

'ಕಾಯುತ್ತೆ ಅಂದ್ರೆ?
ನೀರು ಕಾದ ಹಾಗೋ, ನಾಯಿ ಕಾದ ಹಾಗೋ,
ನಾನು ವಾರದಿಂದ ಈ ಕೂಸಿಗೆ ಕಾದ ಹಾಗೋ?'

ಹತ್ತೊಂಬತ್ತು ವರ್ಷದಿಂದ ಈ ಕೆಲಸ ನನ್ನದು.
ಉತ್ತರ ಸಿಗದೆ ಸ್ಪ್ಯಾನರ್ ಹುಡುಕಿದೆ.

ಬಿಸಿಲು ಏರಿತ್ತು. ಖಾಲಿ ಗಾಜು ಕಾದ ಮೇಲೆ ತಣ್ಣೀರು ಬಿಟ್ಟರೆ
ಪಟ್ಟಂತ ಸಿಡಿಯುತ್ತದೆ.
ಹೊದಿಸಲು ಬಟ್ಟೆ ಕೇಳಿದೆ.
ದ್ಯಾವಮ್ಮ ಚೀಲದಿಂದ ತೆಗೆದಳು ಮೆದುವಾದ ಹಳೆ ಸೀರೆ,
ನಾಳೆ ಕೂಸಿಗೆ ಸುತ್ತಲು ತಂದದ್ದು.
ಹದಿನೈದೂ ಕೊಳವೆಗೆ ನೆರಳು ಹೊದಿಸಿ
ನೀರು ತುಂಬುವವರೆಗೆ ಇಬ್ಬರೂ ಒಂದೊಂದು ಸೆರಗು ಹಿಡಿದು ನಿಂತೆವು.
ಆಮೇಲೆ ಎಳೆದುಬಿಟ್ಟೆವು.

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ
ಕೂಸಿಗೆ ಕಾಮಾಲೆಯೆಂದು, ಕಣ್ಣಿಗೆ ಪಟ್ಟಿ ಕಟ್ಟಿ
ನೀಲಿ ದೀಪದ ಕೆಳಗೆ ಮಲಗಿಸಿದ್ದರಂತೆ.
ಕೊನೆಯ ದಿನ.
ಇದು ಆಮೇಲೆ ತಿಳಿದದ್ದು.

ಮರುದಿನ ಹೋದೆ; ಬಾಕಿ ಹಣಕ್ಕೆ ಎಂದು ಹೇಳಿಕೊಂಡೆ.
ಬಚ್ಚಲ ಬಾಗಿಲು ಅರ್ಧ ತೆರೆದಿತ್ತು.
ನಲ್ಲಿಯಲ್ಲಿ ಮೊದಲು ಬಂದದ್ದು ತಣ್ಣೀರೇ,
ಪೈಪಿನಲ್ಲಿ ರಾತ್ರಿಯಿಡೀ ನಿಂತದ್ದು.
ಎರಡು ಚೆಂಬು ಕರಿಬೇವಿನ ಗಿಡಕ್ಕೆಂದು ಪಕ್ಕಕ್ಕಿಟ್ಟಳು.
ಆಮೇಲೆ ಹಬೆ.
ಮೊಣಕೈ ಅದ್ದಿದಳು. ತಣ್ಣೀರು ಬೆರೆಸಿದಳು. ಮತ್ತೆ ಅದ್ದಿದಳು.
'ನೀರೇನೋ ಸರಿ. ಹೊಗೆ ವಾಸನೆ ಇಲ್ಲ.
ಇದು ಬಚ್ಚಲು ಅಂತ ಕೂಸು ಹೆಂಗೆ ಗುರುತಿಟ್ಕೊಳುತ್ತೆ?'

ಮೊದಲ ಚೆಂಬಿಗೆ ಕೂಸು ಕಿರುಚಿತು,
ಎರಡನೆಯದಕ್ಕೆ ಸುಮ್ಮನಾಯಿತು.
ತಾನು ನೋಡದ ನಿನ್ನೆಯ ಬಿಸಿಲು
ಬೆನ್ನ ಮೇಲೆ ಇಳಿಯುತ್ತಿತ್ತು.

ಹಾಲೇಶಪ್ಪ ನೋಟು ಎಣಿಸುತ್ತಿದ್ದ, ಕಂಡಕ್ಟರನ ಬೆರಳು, ಚಿಲ್ಲರೆ ಸಮೇತ.
ನಾನು ಕಿವಿಗೊಟ್ಟದ್ದು ಮೇಲಕ್ಕೆ:
ತಾರಸಿಯಲ್ಲಿ, ಇಲ್ಲಿ ಖರ್ಚಾದಷ್ಟೇ
ತಣ್ಣೀರು ಟ್ಯಾಂಕಿನ ತಳಕ್ಕೆ ಬಂದು ಸೇರುವ ಸದ್ದು.