ತಿಟ್ಟಿಗೆ ಹೋಗುವವನಿಗೆ

ತಕ್ಕಳಪ್ಪ ನಿಂಗರಾಜು, ಮಿಷನ್ನು.
ಚಾರ್ಜರ್ ವೈರು ವಸಿ ಸಡಿಲ, ರಬ್ಬರ್ ಬ್ಯಾಂಡ್ ಸುತ್ತಿವ್ನಿ.
ಊರೊಳಗಿನ ಮುನ್ನೂರ ಹನ್ನೆರಡು ಮೀಟ್ರು
ನಾನ್ ಹೇಳ್ಕೊಡಬೇಕಿಲ್ಲ, ನಾಯಿಗಳೇ ಹೇಳ್ಕೊಡ್ತವೆ
ಯಾವ ಗೇಟು ತೆಗೀಬೇಕು, ಯಾವುದು ಬ್ಯಾಡ ಅಂತ.
ಕೊನೇದೊಂದದೆ.
ಕರಿಘಟ್ಟ ಬೆನ್ನಿಗೆ ಬಿದ್ದ ಮ್ಯಾಲೆ ಹೊಳೆ ಎರಡಾಗಿ ಸೀಳ್ತದಲ್ಲ,
ಆ ಸೀಳಲ್ಲಿ ಗಾಣದ ತಿಟ್ಟು.
ಆರು ತೆಂಗು, ಒಂದು ಮನೆ, ಒಂದು ಮೀಟ್ರು.

ಮಂಗಳವಾರ ಹೋಗು.
ಸೋಮವಾರ ಮರಿಜವರ ತೆಪ್ಪ ಬುಡಾಕಿಲ್ಲ,
ಶುಕ್ರವಾರ ತೆಪ್ಪ ಬುಟ್ರೂ ಬಾಯಿ ಬುಡಾಕಿಲ್ಲ.
ಹೋಗಾಕೆ ಇಪ್ಪತ್ತು ರೂಪಾಯಿ, ಬರಾಕೆ ಅವನಿಷ್ಟ.
ಅದ್ಕೇ ಎರಡೂ ಸೇರಿಸಿ ಈ ದಡದಲ್ಲೇ ಮಾತಾಡ್ಕೋ.
ಕನ್ನಂಬಾಡೀಲಿ ಗೇಟು ಎತ್ತವ್ರಾ ಅಂತ
ಪೇಪರ್ ನೋಡಬ್ಯಾಡ, ನೀರು ನೋಡು.
ಬಾಳೆದಿಂಡಿನ ರಸದಂಗಿದ್ರೆ ಹತ್ತು,
ರಾಗಿ ಅಂಬ್ಲಿ ಥರ ಆಗಿದ್ರೆ ಮನೇಗೆ ನಡಿ.

ಚಪ್ಪಲಿ ಕೈಲಿ.
ಫೋನು, ಮಿಷನ್ನು ಹಾಲಿನ ಕವರಲ್ಲಿ. ತೊಳ್ದು ಒಣಗಿಸಿದ್ದು,
ಇಲ್ದಿದ್ರೆ ಬಟನ್ನೆಲ್ಲ ಮೊಸರು.
ಜವರನ ಎದುರಿಗೆ ಕುಕ್ಕರಗಾಲಲ್ಲಿ ಕುಂತ್ಕೋ, ಏಳಬ್ಯಾಡ.
ತೆಪ್ಪ ಬುಗುರಿ ಥರ ತಿರುಗ್ತದೆ. ಆಗ
ಆಚೆ ದಡದಲ್ಲಿ ಬಗ್ಗಿರೋ ತೆಂಗಿನ ಮರ ನೋಡು.
ಅದು ತಪ್ಪಿಹೋದ್ರೆ ಕಾಯಿ,
ಸುತ್ತಿ ಮತ್ತೆ ಬತ್ತದೆ.
ಬಂಡೆ ಮ್ಯಾಲೆ ಮೊಸಳೆ ಬಾಯಿ ತೆಕ್ಕಂಡು ಮಲಗಿರ್ತದೆ,
ಬಾಯಿ ತೆಗ್ದಿರೋದು ಬಿಸಿಲಿಗೆ, ನಿಂಗಲ್ಲ.
ಹಂಗಂತ ನೀರಿಗೆ ಕೈ ಅದ್ದಬ್ಯಾಡ.

ಇಳಿದ್ಮ್ಯಾಲೆ ಎಡಕ್ಕೆ. ಬಲಕ್ಕೆ ಸೌತೆ ಪಾತಿ,
ಒಂದು ಬಳ್ಳಿ ತುಳಿದ್ರೂ ಪುಟ್ಟಲಕ್ಕಮ್ಮ
ಮುಂದಿನ ಯುಗಾದಿವರ್ಗೂ ಮರೆಯಾಕಿಲ್ಲ.
ಮೀಟ್ರು ಕೋಳಿಗೂಡಿನ ಹಿಂದೆ. ಹುಂಜ ಕುಕ್ತದೆ.
ನಂಬರ್ನ ಜೋರಾಗಿ ಓದು,
ಒಲೆ ಮುಂದೆ ಕುಂತಿರೋ ಅವ್ಳಿಗೆ ಕೇಳಂಗೆ.

ಯಾಕೆ ಜೋರಾಗಿ ಅಂದ್ರೆ,
ನಾಳೆ ನಂದು ರಿಟೈರ್ಡು, ಹೇಳ್ಬುಡ್ತೀನಿ:
ನಂಗೆ ನೀರು ಅಂದ್ರೆ ಭಯ ಕಣ್ಲಾ.
ಹನ್ನೊಂದು ತಿಂಗಳು ಈ ದಡದ ಆಲದ ನೆರಳಲ್ಲಿ ಕುಂತು
ಆ ಮನೆ ರೀಡಿಂಗು ಬರ್ದೆ.
ಹದಿನಾಲ್ಕು ಯೂನಿಟ್ಟು, ಹದಿನೈದು,
ಹಬ್ಬದ ತಿಂಗಳು ಅಂತ ಹದಿನೆಂಟು.
ಬಿಲ್ಲು ಜವರನ ಕೈಲಿ ಹೋಯ್ತಿತ್ತು,
ದುಡ್ಡು ಅವನ ಕೈಲೇ ಬತ್ತಿತ್ತು, ಎಲೆ ಮಡಿಸ್ದಂಗೆ ಮಡಿಸಿ.
ಒಂದ್ಸಲ ನೋಟಿನೊಳಗೆ ಚೀಟಿ:
‘ಬಂದೋಗಿ.’

ಹೋದೆ. ತೆಪ್ಪ ಏಳು ಸುತ್ತು ಸುತ್ತಿತು, ಎಣಿಸಿವ್ನಿ.
ಗೋಡೆ ಮ್ಯಾಲೆ ಇದ್ದಿಲಲ್ಲಿ ಎರಡು ಸಾಲು.
ಒಂದು ನನ್ ಬಿಲ್ಲಿಂದು:
ಇನ್ನೂರ ಇಪ್ಪತ್ತೆಂಟು, ನಲವತ್ತಮೂರು, ಅರವತ್ತೊಂದು.
ಇನ್ನೊಂದು ಮೀಟ್ರು ಹೇಳಿದ್ದು:
ಇನ್ನೂರ ಇಪ್ಪತ್ತು, ಇಪ್ಪತ್ತೇಳು, ಮೂವತ್ತಮೂರು.
ತಂತಿ ಕಡ್ದು ಬಿದ್ದ ಆಷಾಢ, ಶ್ರಾವಣದಲ್ಲಿ
ಅವಳ ಸಾಲು ಕೊಕ್ಕರೆ ಥರ ನಿಂತಲ್ಲೇ ನಿಂತಿತ್ತು,
ನಂದು ಮಾತ್ರ ನಡೀತಾ ಇತ್ತು.

ಅವ್ಳು ಬೈಲಿಲ್ಲ. ಇದ್ದಿಲು ಕೊಟ್ಳು.
‘ಕೂಡಾದು ಬತ್ತದೆ ಸಾ, ಕಳ್ಯಾದು ಬರಾಕಿಲ್ಲ,
ನೀವೇ ಕಳೀರಿ.’
ಕಳ್ದೆ. ಕೈ ಕರ್ರಗಾಯ್ತು.
ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿ ತಟ್ಟೇಲಿ ಇಕ್ಕಿದ್ಳು,
ಆ ಕೈಲೇ ತಿಂದೆ.
ದುಡ್ಡು ನನ್ ಜೇಬಿಂದ ತೀರಿಸ್ದೆ, ನಾಲ್ಕು ಕಂತು.
ಕೊನೇ ಕಂತನ್ನೂ ಎರಡು ಸಲ ಎಣಿಸಿದ್ಳು.

ಗೋಡೆಗೆ ಈಗ ಸುಣ್ಣ ಹೊಡ್ದವ್ಳೆ.
ಆದ್ರೂ ಬಿಸಿಲು ಓರೆಯಾಗಿ ಬಿದ್ದಾಗ
ಆ ಅರವತ್ತೊಂದು ಕಾಣ್ತದೆ.
ನೀನು ನೋಡಿದ್ರೂ ನೋಡ್ದಂಗಿರು.

ನಾಲ್ಕು ಗಂಟೆಯೊಳ್ಗೆ ಹೊರಡು, ಆಮ್ಯಾಕೆ ಗಾಳಿ ಏಳ್ತದೆ.
ಹೋಗೋವಾಗ ಬೆಂಕಿಪೊಟ್ಟಣ, ಒಂದು ಕಟ್ಟು ಎಲೆ ತಕ್ಕಂಡೋಗು,
ದುಡ್ಡು ಕೊಟ್ರೆ ಈಸ್ಕೋ, ದೊಡ್ಡಸ್ತಿಕೆ ತೋರಿಸಬ್ಯಾಡ.
ಸೌತೆಕಾಯಿ ಕೊಟ್ರೆ ಬ್ಯಾಡ ಅನ್ನಬ್ಯಾಡ.

ಅಂದಂಗೆ, ನಿಂಗೆ ಈಜು ಬತ್ತದಾ?
ಬರ್ದಿದ್ರೆ ಒಳ್ಳೇದೇ ಬುಡು,
ಕುಂತ ಕಡೆ ಕುಂತಿರ್ತೀಯ.