ಪರಾಂಬರಿಸಿ ನೋಡು

ಮುರಿದ ವಾರ್ಡ್‌ರೋಬಿನ ಬಾಗಿಲು ಈಗ ನನ್ನ ಗೋಡೆ.
ಓಲ್ಡಮ್ಮಿನ ಈ ಬಾಡಿಗೆ ಗ್ಯಾರೇಜಿನಲ್ಲಿ ಅದನ್ನು ಒರಗಿಸಿ
ಎರಡು ಸಾಕೆಟ್ಟು, ಒಂದು ಸ್ವಿಚ್ಚು, ಒಂದು ಹೋಲ್ಡರು,
ಮೇಲೆ ಯಾರೋ ಬಿಸಾಕಿದ್ದ ಫ್ಯೂಸ್ ಬಾಕ್ಸು.
ಹದಿನೇಳು ಸಲ ಕಟ್ಟಿ ಹದಿನೇಳು ಸಲ ಬಿಚ್ಚಿದ್ದೇನೆ.
ಪ್ರತಿ ಸಲವೂ ತುದಿ ಕತ್ತರಿಸಿ, ಸಿಪ್ಪೆ ಸುಲಿದು,
ವೈರು ಗಿಡ್ಡವಾಗುತ್ತ ಬಂದು
ಈಗ ಎಳೆದರೂ ಸಾಕೆಟ್ಟಿಗೆ ಎಟುಕುವುದಿಲ್ಲ,
ಮಾರ್ಚ್ ತಿಂಗಳ ಪೆನ್ಸಿಲಿನ ಹಾಗೆ.

ಪೇಂಟ್ ಡಬ್ಬದ ಮೇಲೆ ಕೂತ ಚಿತ್ಕಲಾ
ಫೋನಿನಲ್ಲಿ ಸಮಯ ನೋಡುತ್ತಾಳೆ.
"ಅಮ್ಮಾ, ನಲವತ್ತೆರಡು ನಿಮಿಷ. ಸಾಕೆಟ್ಟು ಸೊಟ್ಟಗಿದೆ."
ಹತ್ತು ವರ್ಷದವಳು. ಒಂದು ಅಂಕವನ್ನೂ ಬಿಟ್ಟುಕೊಡಳು.

ಆರು ವರ್ಷ ಸ್ಯಾಂಡ್‌ವಿಚ್ ಫ್ಯಾಕ್ಟರಿಯ ರಾತ್ರಿಪಾಳಿ:
ಚೀಸಿನ ಮೇಲೆ ಸೌತೆಕಾಯಿ, ಮೂರು ಹೋಳು, ಮೂರೇ ಹೋಳು.
ಒಂದು ರಾತ್ರಿ ಬೆಲ್ಟು ನಿಂತಿತು.
ಬಂದವಳು ಸೊಂಟಕ್ಕೆ ಇಕ್ಕಳ ಸಿಕ್ಕಿಸಿಕೊಂಡ ಹುಡುಗಿ,
ಪೆಟ್ಟಿಗೆ ತೆರೆದಳು, ಏನನ್ನೋ ಬಿಗಿ ಮಾಡಿದಳು,
ನನ್ನ ಟೀ ಕುಡಿದು ಹೋದಳು.
ಸೌತೆಕಾಯಿ ಮತ್ತೆ ಹರಿದು ಬಂತು.
ನನಗೆ ಮಾತ್ರ ಆಮೇಲೆ ಅದರ ಮೇಲೆ ಕಣ್ಣು ನಿಲ್ಲಲಿಲ್ಲ.

ಗಂಗಾವತಿಯಲ್ಲಿ ನಮ್ಮ ಸೋದರಮಾವ ಕೊಟ್ರಪ್ಪ
ಮೋಟರು ರಿವೈಂಡ್ ಮಾಡುತ್ತಿದ್ದ.
ಹಲ್ಲಿನಲ್ಲೇ ವೈರು ಸುಲಿಯುತ್ತಿದ್ದ, ಬರಿಗಾಲಲ್ಲಿ ನಿಂತು.
ಅವನ ಟೆಸ್ಟರಿನ ಕೆಂಪು ದೀಪ ಮಿಣುಕಿದರೆ ಇದೆ,
ಮಿಣುಕದಿದ್ದರೆ ಇಲ್ಲ. ಅಷ್ಟೇ ವೇದಾಂತ.
ಅದೇ ಟೆಸ್ಟರನ್ನು ಮೊದಲ ದಿನ ಕ್ಲಾಸಿಗೆ ಒಯ್ದಿದ್ದೆ.
ನೀಲ್ ಬ್ರಾಡ್‌ಬೆಂಟ್ ಎರಡು ಬೆರಳಲ್ಲಿ ಎತ್ತಿ
ಸತ್ತ ಇಲಿಯ ಹಾಗೆ ಕಸದಬುಟ್ಟಿಗೆ ಬಿಟ್ಟರು.

ಬೀಗ ಹಾಕು. ಕೀಲಿ ನಿನ್ನ ಜೇಬಿನಲ್ಲಿರಲಿ,
ಗಂಡನ ಕೈಗೂ ಕೊಡಬೇಡ, ಎಂದರು.
ಮೊದಲು ಮೀಟರನ್ನೇ ಕೇಳು, ನೀನು ನಿಜ ಹೇಳುತ್ತೀಯಾ ಅಂತ.
ಆಮೇಲೆ ತಂತಿಯನ್ನು ಕೇಳು, ಜೋಡಿ ಜೋಡಿಯಾಗಿ.
ಆಮೇಲೆ ಮತ್ತೆ ಮೀಟರನ್ನು ಕೇಳು,
ನಡುವೆ ಅದರ ಪ್ರಾಣವೇ ಹೋಗಿರಬಹುದು.
ಅಷ್ಟು ದೂರದ ಲ್ಯಾಂಕಶೈರ್ ಉಚ್ಚಾರಣೆಯಲ್ಲಿ
ನಮ್ಮವ್ವನೇ ಮಾತಾಡಿದಂತಾಯಿತು:
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು.
ಅವಳು ಹೇಳುತ್ತಿದ್ದದ್ದು ಗಂಡು ಗೊತ್ತು ಮಾಡುವಾಗ.
ನಾನು ಆಗ ಮೂರನೆಯ ಪ್ರಶ್ನೆ ಕೇಳಲಿಲ್ಲ.
ಹೋಗಲಿ.

ಇಲ್ಲಿನವರು ಕರೆಂಟು ಸತ್ತಿದೆ ಅನ್ನುತ್ತಾರೆ,
ಸತ್ತದ್ದನ್ನು ಸಾಬೀತು ಮಾಡು ಅನ್ನುತ್ತಾರೆ.
ನಮ್ಮಲ್ಲಿ ಅದು ಸಾಯುವುದಿಲ್ಲ. ಹೋಗುತ್ತದೆ, ಬರುತ್ತದೆ,
ಹೇಳದೆ ಕೇಳದೆ ಬರುವ ನೆಂಟನ ಹಾಗೆ,
ಬಂದರೆ ಓಣಿಗೆ ಓಣಿಯೇ "ಬಂತೂ" ಎಂದು ಕೂಗುತ್ತದೆ.
ಆ ಕೂಗು ಈಗಲೂ ನನ್ನ ಕೈಯಲ್ಲಿದೆ, ಅದೇ ಅಪಾಯ.
ಕಪ್ಪು ಎಂದರೆ ನ್ಯೂಟ್ರಲ್ ಎಂದು ಕಲಿತ ಕೈ ಇದು;
ಇಲ್ಲಿ ಹಳೆಯ ಮನೆಗಳಲ್ಲೂ ಹಾಗೇ ಇತ್ತು,
ಹೊಸ ಕೇಬಲ್ಲಿನಲ್ಲಿ ಕಪ್ಪಿಗೂ ಜೀವವಿದೆ.
ಅದಕ್ಕೇ ಬಣ್ಣ ನೋಡಿದಾಗಲೆಲ್ಲ
ಬೆರಳಿಗೆ ಒಂದು ಕ್ಷಣ ತಡೆ ಎನ್ನುತ್ತೇನೆ.

ಪಕ್ಕದ ಮನೆಯ ಮಿಸೆಸ್ ಕಿಯರ್ನಿ ಬಾಗಿಲು ತಟ್ಟಿದರು.
ಮೆಟ್ಟಿಲ ದೀಪ ಮಿಟುಕುತ್ತಿದೆ, ನೋಡುತ್ತೀಯಾ ಮಗೂ?
ನೋಡಬಹುದು, ಮುಟ್ಟುವಂತಿಲ್ಲ.
ಸೋಮವಾರ ಪರೀಕ್ಷೆ, ಮೂರು ದಿನ,
ಆಮೇಲೆ ಕಾಗದ ಬರಬೇಕು, ಎಂದೆಲ್ಲ ಹೇಳಿದೆ.
ಬಲ್ಬು ಬದಲಿಸಲು ಯಾರ ಅಪ್ಪಣೆಯೂ ಬೇಡ, ಬದಲಿಸಿದೆ.
ಅವರು ಬಿಸ್ಕತ್ತು ಕೊಟ್ಟರು. ದೀಪ ಮಿಟುಕುತ್ತಲೇ ಇತ್ತು.

ಈಗ ಹನ್ನೊಂದು ಗಂಟೆ. ಚಿತ್ಕಲಾ ಮಲಗಿದ್ದಾಳೆ.
ಟೂಲ್ ಬಾಕ್ಸಿನಲ್ಲಿ ಎಲ್ಲ ಇದೆ, ಇದೆಯೇ ಎಂದು ಮತ್ತೆ ನೋಡಿದೆ,
ಬೀಗ, ಕೀಲಿ, ಅವಳು ಅಂಟಿಸಿದ ಚಿಟ್ಟೆಯ ಸ್ಟಿಕ್ಕರು.
ಕಿಟಕಿಯಾಚೆ ಆ ಮೆಟ್ಟಿಲ ದೀಪ
ಆರಿ, ಹತ್ತಿ, ಅರೆಗಳಿಗೆ ನಿಂತು, ಆರಿ.
ಎಲ್ಲೋ ಒಂದು ನ್ಯೂಟ್ರಲ್ ಸಡಿಲವಾಗಿದೆ,
ಬಹುಶಃ ಸ್ವಿಚ್ಚಿಗಿಂತ ಮೇಲೆ, ಸೀಲಿಂಗಿನ ಕನೆಕ್ಟರಿನಲ್ಲಿ.
ಹೊದಿಕೆಯೊಳಗೆ ನನ್ನ ಬೆರಳುಗಳು
ಮೆಲ್ಲಗೆ ಬಲಕ್ಕೆ ತಿರುಗುತ್ತಿವೆ,
ಮುಟ್ಟಬಾರದ ಆ ಸ್ಕ್ರೂವನ್ನು
ಬಿಗಿ ಮಾಡುತ್ತ.